ಮೀಮಿನ ಹಾಡು, ಮಂದಿಯ ನಗು: ನಮ್ಮ ನಾಟಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬಾಗಲಕೋಟೆಯ ಸಣ್ಣ ಹವ್ಯಾಸಿ ತಂಡ. ವಾಟ್ಸಾಪ್ ಫಾರ್ವರ್ಡ್, ರೀಲ್ಸ್, ಟ್ರೋಲ್, ಮೀಮ್ ಎಂದು ದಿನಾ ನೋಡಿ ಬೆರಳಿನಿಂದ ಮೇಲೆ ತಳ್ಳುವ ನಗೆಯನ್ನೇ ಹಾಡು ಕಟ್ಟಿ, ಪೇಟಿ (ಹಾರ್ಮೋನಿಯಂ) ಮತ್ತು ತಬಲಾ ಜೊತೆ ಒಂದು ಸಂಗೀತ ನಾಟಕ ಮಾಡಿದ್ದೇವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಆಡಿದ್ದೇವೆ. ಹಾಡು ಬರೆದವಳು ನಾನು, ಪೇಟಿ ನುಡಿಸುವವಳೂ ನಾನೇ. ಹಾಗಾಗಿ ಇಡೀ ನಾಟಕದಲ್ಲಿ ನಾನು ಕೂರುವುದು ರಂಗದ ಬಲಮೂಲೆಯಲ್ಲಿ. ಅಲ್ಲಿಂದ ನಟರ ಬೆನ್ನು ಕಾಣುತ್ತದೆ, ನೋಡಲು ಬಂದವರ ಮುಖ ಕಾಣುತ್ತದೆ.

ನಾಟಕ ಮುಗಿದ ಮೇಲೆ ಪರದೆ ಹಿಂದೆ ಬಂದು ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನವು ಕಥೆಯ ಬಗ್ಗೆ ಅಲ್ಲ. ನೋಡುವವರ ನಗು, ಕೂಗು, ಸಿಟ್ಟಿನ ಬಗ್ಗೆ.

ನಾಟಕ ನಡೆಯುವಾಗ ಸಿಳ್ಳೆ ಹೊಡೆಯಬಹುದಾ? ಕೂಗಬಹುದಾ?

ಧಾರಾಳವಾಗಿ. ನಮ್ಮ ಭಾಗದಲ್ಲಿ ನಾಟಕ ನೋಡುವವರು ಯಾವತ್ತೂ ಬಾಯಿ ಮುಚ್ಚಿಕೊಂಡು ಕೂತವರಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಬನದ ಹುಣ್ಣಿಮೆ ಹೊತ್ತಿಗೆ ಅಲ್ಲಿ ಕಂಪನಿ ನಾಟಕಗಳ ಟೆಂಟುಗಳು ಏಳುತ್ತವೆ. ರಾತ್ರಿಯೆಲ್ಲ ಒಂದರ ನಗು ಇನ್ನೊಂದಕ್ಕೆ ಕೇಳುತ್ತಿರುತ್ತದೆ. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಎಂದು ಕೂಗು ಬರುತ್ತದೆ. ಕೂಗು ಬಂತೆಂದರೆ ಹಾಡಲೇಬೇಕು. ಸವದತ್ತಿ ಕಡೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನೂರು ವರ್ಷ ದಾಟಿ, 2017ರಲ್ಲಿ ತೀರಿಕೊಂಡ ರಂಗನಟ ಏಣಗಿ ಬಾಳಪ್ಪನವರು ಇಂಥ ಮಂದಿಯ ಮುಂದೆಯೇ ಹಾಡಿ ದೊಡ್ಡವರಾದರು.

ನಮ್ಮಲ್ಲೂ ಒನ್ಸ್ ಮೋರ್ ಇದೆ. ಆದರೆ ಒಂದು ಹಾಡಿಗೆ ಒಂದೇ ಸಲ. ಹಳ್ಳಿಗಳಿಂದ ಬಂದವರಿಗೆ ಕೊನೆಯ ಬಸ್ಸು ತಪ್ಪಬಾರದು, ಅಷ್ಟೇ ಕಾರಣ. ಇನ್ನೊಂದು ವಿನಂತಿ. ಎರಡನೇ ಸಲ ನೋಡಲು ಬಂದವರು ದಯವಿಟ್ಟು ಜೋಕಿನ ಕೊನೆಯ ಮಾತನ್ನು ನಟನಿಗಿಂತ ಮೊದಲೇ ಹೇಳಬೇಡಿ. ಪಕ್ಕದವರು ಮೊದಲ ಸಲ ಬಂದಿರುತ್ತಾರೆ.

ಇವೆಲ್ಲ ಫೋನಿನಲ್ಲಿ ನೋಡಿದ ಜೋಕುಗಳೇ ಅಲ್ವಾ? ಆದರೂ ಇಲ್ಲಿ ಯಾಕೆ ಇಷ್ಟು ನಗು ಬರುತ್ತದೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಒಂದು ಸಲ ನಿಮ್ಮನ್ನೇ ಗಮನಿಸಿ ನೋಡಿ. ಕಣ್ಣೀರು ಬರುವಷ್ಟು ನಗುವ ಹಳದಿ ಮುಖವನ್ನು ಮೂರು ಸಲ ಒತ್ತಿ ಕಳಿಸುತ್ತೀರಿ. ಆ ಹೊತ್ತಿನಲ್ಲಿ ನಿಮ್ಮ ಮುಖ ಹೇಗಿರುತ್ತದೆ? ತುಟಿ ಕೂಡ ಅಲುಗಿರುವುದಿಲ್ಲ. ಬಹಳ ಆದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟಿರುತ್ತೀರಿ.

ನಮ್ಮ ಮೊದಲ ಹಾಡು ಇದೇ. ಆರು ಜನ ಸಾಲಾಗಿ ಕೂತು, ಕೈಯಲ್ಲಿ ಫೋನ್ ಹಿಡಿದು, ಕಲ್ಲಿನಂಥ ಮುಖ ಮಾಡಿಕೊಂಡು 'ಹಹ್ಹಹ್ಹಾ' ಎಂದು ನಾಲ್ಕು ಸಾಲು ಹಾಡುತ್ತಾರೆ. ಯಾರ ಮುಖದಲ್ಲೂ ನಗು ಇಲ್ಲ. ಮೊದಲ ಎರಡು ಸಾಲಿಗೆ ಮಂದಿ ಸುಮ್ನೆ ನೋಡುತ್ತಾರೆ. ಮೂರನೇ ಸಾಲಿಗೆ ಎಲ್ಲೋ ಒಂದು ಹೆಣ್ಣು ದನಿ ಕಿಸಕ್ಕೆಂದು ನಗುತ್ತದೆ. ಆಮೇಲೆ ಗಂಡ ಹೆಂಡತಿಯನ್ನು ನೋಡುತ್ತಾನೆ, ಹೆಂಡತಿ ಗಂಡನನ್ನು ನೋಡುತ್ತಾಳೆ. 'ನೀನೂ ಹಿಂಗ ಮಾಡ್ತಿ' ಎಂದು ಬೆರಳು ತೋರಿಸುತ್ತಾರೆ. ಅಲ್ಲಿಂದ ನಗು ಸಾಲಿನಿಂದ ಸಾಲಿಗೆ ಹಬ್ಬುತ್ತದೆ.

ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ಮನೋವಿಜ್ಞಾನಿ ನಗುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಒಬ್ಬರೇ ಇದ್ದಾಗಿಗಿಂತ ಬೇರೆಯವರ ಜೊತೆ ಇದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ ಎಂದು ಅವರು ಕಂಡುಕೊಂಡರು. ಪೇಟಿ ಮುಂದೆ ಕೂತ ನನಗೆ ಇದು ಕಣ್ಣಿಗೇ ಕಾಣುತ್ತದೆ. ಅದೇ ಜೋಕು, ಅದೇ ಮನುಷ್ಯ. ಪಕ್ಕದಲ್ಲಿ ಇನ್ನೊಬ್ಬರ ಭುಜ ಅಲುಗುತ್ತಿದೆ, ಅದೊಂದೇ ಹೊಸದು.

ನಗುವಿನ ಗದ್ದಲದಲ್ಲಿ ಮುಂದಿನ ಮಾತು ಕೇಳಿಸಲಿಲ್ಲ. ಅದಕ್ಕೆ ಏನು ಮಾಡುತ್ತೀರಿ?

ಮೊದಲ ಪ್ರಯೋಗದಲ್ಲಿ ಈ ತಪ್ಪು ನಮ್ಮದೇ ಆಗಿತ್ತು. ನಟರು ಬಾಯಿಪಾಠ ಮಾಡಿದ ವೇಗದಲ್ಲಿ ಓಡಿಬಿಟ್ಟರು. ಈಗ ಕಾಯುತ್ತೇವೆ. ನಗು ಹಾಲಿನ ಹಾಗೆ ಉಕ್ಕುತ್ತದೆ, ಆಮೇಲೆ ಇಳಿಯುತ್ತದೆ. ಉಕ್ಕುವಾಗ ಮಾತಾಡಬಾರದು. ಪೂರ್ತಿ ತಣ್ಣಗಾಗುವ ತನಕ ಕಾಯಲೂಬಾರದು. ಇಳಿಯಲು ಶುರುವಾದ ಕೂಡಲೇ ಮುಂದಿನ ಮಾತು ಹಾಕಬೇಕು. ಆ ನಡುವಿನ ಹೊತ್ತಿಗೆ ನಾನು ಪೇಟಿಯಲ್ಲಿ ಷಡ್ಜ, ಅಂದರೆ 'ಸ' ಸ್ವರ, ಹಿಡಿದುಕೊಂಡಿರುತ್ತೇನೆ, ನಟ ಅದರ ಮೇಲೆ ನಿಂತಿರುತ್ತಾನೆ. ಹಳೆಯ ಕಂಪನಿ ನಟರೊಬ್ಬರು ತಾಲೀಮಿಗೆ ಬಂದಾಗ ಇದನ್ನು ಕಲಿಸಿದರು. 'ಮಂದಿ ನಗೂದೂ ಒಂದು ಡೈಲಾಗ ಅವ್ವಾ, ಅವರ ಡೈಲಾಗ ಮುಗೀಲಿ' ಎಂದರು.

ವಾಟ್ಸಾಪ್ ಗೊತ್ತಿಲ್ಲದ ಹಿರಿಯರನ್ನು ಕರೆದುಕೊಂಡು ಬರಬಹುದಾ? ಅವರಿಗೆ ತಿಳಿಯುತ್ತದಾ?

ಕರೆದುಕೊಂಡೇ ಬನ್ನಿ. ಶುರುವಿನಲ್ಲಿ ನಮಗೂ ಇದೇ ಭಯ ಇತ್ತು. ನಾಟಕ ಹುಡುಗರಿಗೆ ಮಾತ್ರ ಆಗಿಬಿಡುತ್ತದೆ ಎಂದುಕೊಂಡಿದ್ದೆವು. ಆದದ್ದು ಬೇರೆಯೇ.

ಎರಡನೇ ಅಂಕದಲ್ಲಿ ಒಬ್ಬಳು ಹುಡುಗಿ ಸಂದೇಶ ಕಳಿಸಿ ಕಾಯುತ್ತಾಳೆ. ಎರಡು ನೀಲಿ ಗೆರೆ ಬೀಳುತ್ತದೆ. ಉತ್ತರ ಬರುವುದಿಲ್ಲ. ವಾಟ್ಸಾಪ್ ಈ ನೀಲಿ ಗೆರೆ ತಂದದ್ದು 2014ರಲ್ಲಿ. ಆದರೆ ಕಾಯುವ ಸಂಕಟಕ್ಕೆ ವಯಸ್ಸೆಷ್ಟು? ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿದವರಿಗೆ ಸತ್ಯಭಾಮೆಯ ವಿರಹ ಗೊತ್ತು. ಅವಳ ದೂತಿಯೂ ಗೊತ್ತು. ನಾನು ಆ ದೂತಿಯನ್ನೇ ಫೋನ್ ಮಾಡಿದೆ. ಹುಡುಗಿ ಸಂದೇಶ ಹೇಳಿದರೆ ದೂತಿ ಇಲಕಲ್ ಸೀರೆಯ ಸೆರಗು ಸೊಂಟಕ್ಕೆ ಕಟ್ಟಿಕೊಂಡು ಓಡುತ್ತಾಳೆ. ಏದುಸಿರು ಬಿಡುತ್ತಾ ವಾಪಸ್ ಬರುತ್ತಾಳೆ.

'ಮುಟ್ಟೈತಿ ತಂಗಿ.'
'ಓದಿದನಾ?'
'ಓದ್ಯಾನ.'
'ಏನಂದ?'
'ಏನೂ ಅನ್ನಲಿಲ್ಲ. ನಿನ್ನ ಮಾತ ಓದಿ, ಇನ್ನೊಬ್ಬರ ಸ್ಟೇಟಸ್ ನೋಡಾಕ ಹೋದ.'

ಈ ಜಾಗದಲ್ಲಿ ಮೊದಲು ನಗುವುದು ಅಜ್ಜಿಯಂದಿರು. ಅವರಿಗೆ ನೀಲಿ ಗೆರೆ ಬೇಕಾಗಿಲ್ಲ, ದೂತಿಯ ಮುಖ ಸಾಕು. ಹುಡುಗರು ಆಮೇಲೆ ನಗುತ್ತಾರೆ. ಅವರಿಗೆ ದೂತಿ ಯಾರೆಂದು ಅಜ್ಜಿ ಕಿವಿಯಲ್ಲಿ ಹೇಳಬೇಕು. ಸ್ಟೇಟಸ್ ಅಂದರೇನು ಎಂದು ಮೊಮ್ಮಗಳು ಅಜ್ಜಿಗೆ ಹೇಳಬೇಕು. ಎರಡೂ ಕಡೆಯ ಪಿಸುಮಾತು ನನಗೆ ಮೂಲೆಯಲ್ಲಿ ಕೇಳಿಸುತ್ತದೆ. ನಾಟಕ ಬರೆದದ್ದಕ್ಕೆ ನನಗೆ ಅದಕ್ಕಿಂತ ದೊಡ್ಡ ಸಂಬಳ ಇಲ್ಲ.

ಇನ್ನೊಂದು ಉದಾಹರಣೆ ಗುಡ್ ಮಾರ್ನಿಂಗ್ ಸಂದೇಶದ ಹಾಡು. ಗುಲಾಬಿ ಹೂ, ಉದಯಿಸುವ ಸೂರ್ಯ, ಕೆಳಗೆ ಒಂದು ನೀತಿಮಾತು. ಅದನ್ನು ನಾವು ಭೈರವ್ ರಾಗದಲ್ಲಿ, ವಿಲಂಬಿತದಲ್ಲಿ (ನಿಧಾನ ಲಯದಲ್ಲಿ), ತುಂಬಾ ಗಂಭೀರವಾಗಿ ಹಾಡುತ್ತೇವೆ. 'ಗುಡ್' ಎಂಬ ಒಂದೇ ಪದದ ಮೇಲೆ ಆಲಾಪ ನಡೆಯುತ್ತದೆ. 'ಮಾರ್ನಿಂಗ್' ಬರುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಭೈರವ್ ಬೆಳಗಿನ ರಾಗ ಎಂದು ತಿಳಿದವರು ಮೊದಲೇ ನಕ್ಕುಬಿಡುತ್ತಾರೆ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲಿ ಇದನ್ನು ಹಾಡುವಾಗ ನನ್ನ ಕೈ ನಡುಗುತ್ತಿತ್ತು. ಅಲ್ಲೇ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅಷ್ಟು ದೊಡ್ಡ ಗಾಯಕರ ಹೆಸರಿನ ಕಟ್ಟಡ ಅದು. ಸಂಗೀತ ಬಲ್ಲ ಹಿರಿಯರು ಸಿಟ್ಟಾಗುತ್ತಾರೋ ಎಂದು ಹೆದರಿದ್ದೆ. ಮೂರನೇ ಸಾಲಿನಲ್ಲಿ ಕೂತ ಒಬ್ಬರು ಕಣ್ಣು ಮುಚ್ಚಿ, ತಲೆ ಆಡಿಸುತ್ತಾ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಬಂದು, 'ರಾಗಕ್ಕ ಮೋಸಾ ಮಾಡಿಲ್ಲ ನೀವು' ಎಂದರು. ನಮಗೆ ಬೇಕಾಗಿದ್ದದ್ದು ಅದೇ ಮಾತು. ಸಂದೇಶ ನಗೆಯದ್ದು, ಹಾಡಿಕೆ ನಿಜದ್ದು.

ಸಂಗೀತ ನಾಟಕ ಎಂದರೆ ಹೊರದೇಶದ ರೂಢಿ ಅಲ್ವಾ?

ಅಲ್ಲ. ಮರಾಠಿ ಸಂಗೀತ ನಾಟಕಕ್ಕೆ ಗಟ್ಟಿ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಶಾಕುಂತಲ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಸಣ್ಣಾಟ, ದೊಡ್ಡಾಟ, ಪಾರಿಜಾತ ಎಲ್ಲವೂ ಹಾಡಿನ ನಾಟಕಗಳೇ. ಹಾಡಿಲ್ಲದ ನಾಟಕವನ್ನು ನನ್ನ ಅಜ್ಜ 'ಬರೀ ಮಾತಿನ ನಾಟಕ' ಎಂದು ಬೇರೆ ಮಾಡಿ ಹೇಳುತ್ತಿದ್ದರು.

ಅಂತರ್ಜಾಲದ ನಗೆಯಿಂದ ಸಂಗೀತ ನಾಟಕ ಮಾಡುವುದು ಮಾತ್ರ ಈಚಿನದು. ಅಮೆರಿಕದಲ್ಲಿ ಕೊರೊನಾ ಹೊತ್ತಿನಲ್ಲಿ ಟಿಕ್‌ಟಾಕ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹಾಡು ಕಟ್ಟಿ ಸೇರಿಸುತ್ತಾ ಹೋದರು. 'ರಾಟಟೂಯಿ' ಸಿನಿಮಾದ, ಅಡುಗೆ ಮಾಡುವ ಇಲಿಯ ಕಥೆ ಅದು. ಕೊನೆಗೆ 2021ರ ಜನವರಿ 1ರಂದು ಆನ್‌ಲೈನ್ ಪ್ರದರ್ಶನವೇ ಆಯಿತು. ಕೆಲಸವಿಲ್ಲದೆ ಕೂತ ಕಲಾವಿದರ ನಿಧಿಗೆ ಸುಮಾರು 20 ಲಕ್ಷ ಡಾಲರ್ ಸೇರಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಟಿಕ್‌ಟಾಕ್ ನಿಂತು ಆರು ತಿಂಗಳಾಗಿತ್ತು. ನಾನು ಅದರ ತುಣುಕುಗಳನ್ನು ಬೇರೆ ಕಡೆ ನೋಡಿದೆ. ತಮಾಷೆಗೆ ಶುರುವಾದದ್ದನ್ನು ಜನ ಅಷ್ಟು ಪ್ರೀತಿಯಿಂದ ಮುಗಿಸಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ನಮ್ಮ ಕಡೆಯ ಮಾತನ್ನೇ ನಗೆಪಾಟಲು ಮಾಡಿದ್ದೀರಿ ಎಂದು ಕೆಲವರು ಸಿಟ್ಟಾದರಂತೆ. ನಿಜವಾ?

ಸಿಟ್ಟಾದದ್ದು ನಿಜ. ನಾಟಕ ನೋಡುವ ಮೊದಲು. ಪೋಸ್ಟರಿನಲ್ಲಿ 'ಮೀಮ್' ಎಂದು ಓದಿ, ಒಬ್ಬ ಮೇಷ್ಟ್ರು ಫೋನ್ ಮಾಡಿದ್ದರು. 'ಸಿನಿಮಾದಾಗ ನಮ್ಮ ಭಾಷಾ ಅಂದ್ರ ನಗೂದು, ಟ್ರೋಲ್ ಪೇಜಿನಾಗೂ ಅದೇ. ಈಗ ನೀವೂ ಶುರು ಮಾಡಿದ್ರಾ?' ಎಂದರು. ಅವರ ಸಿಟ್ಟು ನನ್ನದೂ ಹೌದು. ಬೆಂಗಳೂರಿನಲ್ಲಿ ಓದುವಾಗ ನಾನು 'ಹೋಗಾಕತ್ತೀನಿ' ಎಂದರೆ ರೂಮಿನವರು ಇನ್ನೊಮ್ಮೆ ಹೇಳಿಸಿ ನಗುತ್ತಿದ್ದರು. ಎರಡು ವರ್ಷ ನಾನು ಮಾತು ಅಳೆದು ಆಡಿದೆ.

ಅದಕ್ಕೆ ನಾಟಕದಲ್ಲಿ ಒಂದು ನಿಯಮ ಇಟ್ಟುಕೊಂಡೆವು. ನಮ್ಮ ಮಾತಿನಲ್ಲಿ ನಗಿಸಬೇಕು, ನಮ್ಮ ಮಾತನ್ನು ನೋಡಿ ನಗಿಸಬಾರದು. ಎಲ್ಲ ಪಾತ್ರಗಳೂ ಇಲ್ಲಿಯ ಮಾತನ್ನೇ ಆಡುತ್ತವೆ. ಡಾಕ್ಟರೂ, ಇಂಜಿನಿಯರೂ, ಪ್ರೇಮದಲ್ಲಿ ಬಿದ್ದವರೂ. ಕೆಲಸದವನು ಮಾತ್ರ ಈ ಭಾಷೆ ಆಡುವುದು, ನಾಯಕ ಪುಸ್ತಕದ ಭಾಷೆ ಆಡುವುದು ನಮ್ಮಲ್ಲಿಲ್ಲ. ಎಲ್ಲರೂ ಆಡಿದಾಗ ಭಾಷೆ ಜೋಕಾಗಿ ಉಳಿಯುವುದಿಲ್ಲ. ಮಂದಿ ಮಾತಿನ ಒಳಗಿನ ಚಾಲಾಕಿಗೆ ನಗುತ್ತಾರೆ.

ಆ ಮೇಷ್ಟ್ರು ನವನಗರದ ಕಲಾಭವನಕ್ಕೆ ಬಂದಿದ್ದರು. ಎಲ್ಲರೂ ನಗುವಾಗ ಅವರು ತುಂಬಾ ಹೊತ್ತು ಕೈ ಕಟ್ಟಿಕೊಂಡೇ ಕೂತಿದ್ದರು. ವಾಟ್ಸಾಪ್ ಗ್ರೂಪಿನಲ್ಲಿ ಅಳಿಯನಿಗೆ ಬೈದು, ಅದು ಬೀಗರ ಗ್ರೂಪ್ ಎಂದು ಆಮೇಲೆ ಗೊತ್ತಾಗುವ ಮಾವನ ಹಾಡು ಬಂದಾಗ ಅವರ ಕೈ ಬಿಚ್ಚಿತು. ನಾಟಕ ಮುಗಿದ ಮೇಲೆ ಒಳಗೆ ಬಂದು ಹಾಡಿನಲ್ಲಿ ಒಂದು ಪದ ತಪ್ಪಾಗಿದೆ, ನಮ್ಮ ಹುನಗುಂದದ ಕಡೆ ಹಾಗೆ ಅನ್ನುವುದಿಲ್ಲ ಎಂದು ತಿದ್ದಿದರು. ಆ ತಿದ್ದುಪಡಿ ಈಗಲೂ ಹಾಡಿನಲ್ಲಿದೆ.

ಮೂರೂ ಊರಲ್ಲಿ ಒಂದೇ ಜಾಗಕ್ಕೆ ನಗುತ್ತಾರಾ?

ಇಲ್ಲ. ಫಾರ್ವರ್ಡ್ ಹಾಡನ್ನೇ ತೆಗೆದುಕೊಳ್ಳಿ. 2018ರಲ್ಲಿ ವಾಟ್ಸಾಪ್ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಹಾಕಿತಲ್ಲ, ಅದರಿಂದ ಕಂಗಾಲಾದ ಕಾಕಾ ಒಬ್ಬನ ಹಾಡು ಅದು. ಅವನಿಗೆ ಮಂದಿ ಬುದ್ಧಿ ಹೇಳುವ ಪಲ್ಲವಿ ಹೀಗಿದೆ: 'ಫಾರ್ವರ್ಡ್ ನಕ್ಕೋ, ಒಬ್ಬನ ನಕ್ಕೋ.' ವಿಜಯಪುರದ ಉರ್ದು ಮಾತಿನಲ್ಲಿ 'ನಕ್ಕೋ' ಎಂದರೆ ಬೇಡ. ಕನ್ನಡದಲ್ಲಿ 'ನೀನೊಬ್ಬನೇ ನಕ್ಕುಕೋ' ಎಂದಾಗುತ್ತದೆ. ಬಾಗಲಕೋಟೆಯಲ್ಲಿ ಇದು ಸಾಧಾರಣ ನಗೆಯ ಸಾಲು. ವಿಜಯಪುರದಲ್ಲಿ ಎರಡೂ ಅರ್ಥ ಒಟ್ಟಿಗೇ ಹೊಳೆದು ಸಭೆ ಎದ್ದು ಕುಣಿಯಿತು. ಪಲ್ಲವಿಯನ್ನು ಅವರೇ ಹಾಡಿದರು, ನಾನು ಬರೀ ಪೇಟಿ ಒತ್ತಿದೆ. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಅದನ್ನು ತಮ್ಮ 'ನಕೋ' (ಬೇಡ) ಎಂದು ಹಿಡಿದುಕೊಂಡರು. ಅವರ ನಗು ಅರ್ಧ ಕ್ಷಣ ತಡವಾಗಿ ಬಂತು, ಆದರೆ ಜೋರಾಗಿ ಬಂತು.

ವಿಜಯಪುರದ ಹಿರಿಯರಿಗೆ ಹಿಡಿಸಿದ್ದು ಗ್ರೂಪ್ ಅಡ್ಮಿನ್‌ಗಳ ಜಗಳ. ಅದನ್ನು ಪೌರಾಣಿಕ ನಾಟಕದ ಧಾಟಿಯಲ್ಲಿ ಬರೆದಿದ್ದೇನೆ. 'ಎಲವೋ ಅಡ್ಮಿನ್ನನೇ, ಕೇಳದೆ ಕಾರಣ ಹೇಳದೆ ಎನ್ನನು ಗುಂಪಿನಿಂದ ಹೊರದಬ್ಬಿದೆಯಾ!' ಅಂಥ ಗುಡುಗಿನ ಮಾತು ಬರೆದ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ಇರುವ ಊರು ಅದು. ಗದೆ ಹಿಡಿದ ಹಾಗೆ ಫೋನ್ ಹೆಗಲ ಮೇಲೆ ಇಟ್ಟುಕೊಂಡು ನಟ ಬಂದಾಗಲೇ ಚಪ್ಪಾಳೆ ಬಿತ್ತು.

'ಹೌದು ಹುಲಿಯಾ' ಯಾಕೆ ನಾಟಕದಲ್ಲಿ ಇಲ್ಲ? ಅದು ನಮ್ಮ ಕಡೆಯದೇ ಅಲ್ವಾ?

ನಮ್ಮ ಕಡೆಯದೇ. 2019ರ ಉಪಚುನಾವಣೆ ಹೊತ್ತಿಗೆ ಕಾಗವಾಡದ ಪ್ರಚಾರ ಸಭೆಯಲ್ಲಿ ಸಿದ್ದರಾಮಯ್ಯನವರ ಭಾಷಣದ ನಡುವೆ ಕೇಳುಗರಲ್ಲಿ ಒಬ್ಬರು ಕೂಗಿದ ಮಾತು ಅದು. ನಾಡಿನ ತುಂಬ ಹರಿದಾಡಿತು. ನನಗೆ ಅದರಲ್ಲಿ ಇಷ್ಟವಾಗುವುದು ಏನೆಂದರೆ, ಅಲ್ಲಿ ಹೆಸರಾದದ್ದು ಭಾಷಣ ಅಲ್ಲ. ಕೇಳಿದವರ ಉತ್ತರ. ಎದುರಿಗೆ ಕೂತ ಮನುಷ್ಯನೇ ಮೀಮ್ ಆದ.

ಅದಕ್ಕೇ ಅದನ್ನು ನಟರ ಬಾಯಲ್ಲಿ ಹಾಕಲಿಲ್ಲ. ಆ ಮಾತು ಸಭೆಯದು. ಪ್ರತಿ ಪ್ರಯೋಗದಲ್ಲೂ ಯಾರೋ ಒಬ್ಬರು ಕತ್ತಲಿನಿಂದ ಕೂಗುತ್ತಾರೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ನಟರು ನಿಂತು ಕೈ ಮುಗಿದು ಮುಂದೆ ಹೋಗುತ್ತಾರೆ.

ಡಬಲ್ ಮೀನಿಂಗ್ ಇದೆಯಾ? ಮಕ್ಕಳನ್ನು ಕರೆತರಬಹುದಾ?

ಇಲ್ಲ. ಕರೆತನ್ನಿ.

ನಾಟಕದ ವಿಡಿಯೋ ಮಾಡಿ ರೀಲ್ಸ್ ಹಾಕಬಹುದಾ?

ಕೊನೆಯ ಹಾಡಿಗೆ ಮಾಡಿ. ಅದಕ್ಕೆಂದೇ ದೀಪ ಜೋರು ಮಾಡುತ್ತೇವೆ. ಮೊದಲು ಇಡೀ ನಾಟಕದ ವಿಡಿಯೋ ಮಾಡಲು ಬಿಟ್ಟಿದ್ದೆವು. ಯಾರೋ ದೂತಿಯ ಪಾತ್ರದ ಹುಡುಗಿ ಓಡುವ ಹತ್ತು ಸೆಕೆಂಡ್ ಕತ್ತರಿಸಿ, ಹಿಂದೆ ಬೇರೆ ಹಾಡು ಹಾಕಿ, ಕೆಟ್ಟದಾಗಿ ಬರೆದು ಬಿಟ್ಟರು. ಅವಳ ಊರಿನ ಗ್ರೂಪಿಗೂ ಹೋಯಿತು. ಅವಳ ಅಣ್ಣ ಮುಂದಿನ ಪ್ರಯೋಗಕ್ಕೆ ಕಳಿಸುವುದಿಲ್ಲ ಎಂದ. ನಾವು ನಾಲ್ಕು ಜನ ಮನೆಗೆ ಹೋಗಿ ಕೂತು ಮಾತಾಡಬೇಕಾಯಿತು. ಅವಳ ಅವ್ವ ನಾಟಕ ನೋಡಿದ್ದರು. 'ನನ್ನ ಮಗಳು ಓಡಿದ್ದು ಯಾಕಂತ ಪೂರಾ ನೋಡಿದವರಿಗೆ ಗೊತ್ತದ' ಎಂದು ಅವರೇ ಕಳಿಸಿಕೊಟ್ಟರು.

ಪಕ್ಕದಲ್ಲಿ ನಗುತ್ತಿರುವವರ ಮುಖವನ್ನೂ ಕೇಳದೆ ಹಿಡಿಯಬೇಡಿ. ಬಾಯಿ ಬಿಟ್ಟು ನಗಲು ಬಂದವರು ನಾಳೆ ಮೀಮ್ ಆಗುತ್ತೇನೆ ಎಂದು ಹೆದರಿದರೆ ಯಾರೂ ನಗುವುದಿಲ್ಲ.

ಒಂದು ದೃಶ್ಯವನ್ನು ಬದಲಿಸಿದಿರಂತೆ. ಯಾಕೆ?

ಕಾಲೇಜಿನ ಗ್ಯಾದರಿಂಗ್‌ನಲ್ಲಿ (ವಾರ್ಷಿಕೋತ್ಸವದಲ್ಲಿ) ಹಾಡುವಾಗ ದನಿ ಒಡೆದು ಹೋದ ಹುಡುಗನ ದೃಶ್ಯ ಅದು. ಯಾರೋ ವಿಡಿಯೋ ಹರಿಬಿಡುತ್ತಾರೆ. ಊರೆಲ್ಲ ಅವನು ಒಡೆದ ಆ ಸ್ವರವನ್ನೇ ಅಣಕಿಸುತ್ತದೆ. ನಾವು ಅದನ್ನು ಕೋರಸ್ ಮಾಡಿದ್ದೆವು. ನಾಟಕದಲ್ಲೇ ಜಾಸ್ತಿ ನಗು ಬರುತ್ತಿದ್ದ ಜಾಗ ಅದು.

ಒಂದು ರಾತ್ರಿ ನಾಟಕ ಮುಗಿದ ಮೇಲೆ ಒಬ್ಬ ತಾಯಿ ಮಗಳ ಜೊತೆ ಬಂದರು. ಮಗಳು ಹೊರಗೇ ನಿಂತಳು. 'ಅಕ್ಕಾವ್ರ, ಚಲೋ ಮಾಡೀರಿ. ಆದ್ರ ಆ ಹುಡುಗನ ಹಾಡು ಬಂದಾಗ ನನ್ನ ಮಗಳು ನನ್ನ ಕೈ ಹಿಡಕೊಂಡ್ಲು. ಆಕಿಂದೂ ಹಿಂಗ ಒಂದು ವಿಡಿಯೋ ಹರದಾಡಿತ್ತು. ಎಲ್ಲಾರೂ ನಗಾಕತ್ತಿದ್ರಲ್ಲ, ಆಕಿಗೆ ಮತ್ತ ಅದೇ ದಿನಾ ಬಂದಂಗಾತು' ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ದೃಶ್ಯ ಪೂರ್ತಿ ತೆಗೆದುಬಿಡೋಣ ಎಂದು ತಂಡದಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಂಥದ್ದು ನಡೆಯುತ್ತದೆ, ನಡೆಯುತ್ತದೆ ಎಂದು ತೋರಿಸಲೇಬೇಕು. ಈಗ ಕೋರಸ್ ಅಣಕಿಸುತ್ತದೆ, ಮಂದಿ ನಗುತ್ತಾರೆ. ಆಮೇಲೆ ನಾನು ಪೇಟಿ ನಿಲ್ಲಿಸುತ್ತೇನೆ, ತಬಲಾ ನಿಲ್ಲುತ್ತದೆ. ಹುಡುಗ ಅದೇ ಹಾಡನ್ನು ಮೊದಲಿನಿಂದ, ಯಾವ ವಾದ್ಯವೂ ಇಲ್ಲದೆ, ಪೂರ್ತಿ ಹಾಡುತ್ತಾನೆ. ದನಿ ಅದೇ ಜಾಗದಲ್ಲಿ ಒಡೆಯುತ್ತದೆ. ನಾವು ಅದನ್ನು ಸರಿಮಾಡಿಲ್ಲ. ಅವನು ನಿಲ್ಲಿಸದೆ ಮುಂದಿನ ಸಾಲಿಗೆ ಹೋಗುತ್ತಾನೆ.

ಈ ಜಾಗದಲ್ಲಿ ಸಭೆ ಏನು ಮಾಡುತ್ತದೆ ಎಂದು ಕೇಳುತ್ತೀರಿ. ಒಡೆದ ಸ್ವರಕ್ಕೆ ಎರಡನೇ ಸಲವೂ ಕೆಲವರು ನಗುತ್ತಾರೆ. ಅಭ್ಯಾಸಕ್ಕೆ ಬಂದ ನಗು ಅದು, ಅರ್ಧದಲ್ಲೇ ನಿಲ್ಲುತ್ತದೆ. ಆಮೇಲೆ ಫ್ಯಾನಿನ ಸದ್ದು ಕೇಳುವಷ್ಟು ಮೌನ. ಹಾಡು ಮುಗಿದ ಮೇಲೆ ಚಪ್ಪಾಳೆ ತಡವಾಗಿ ಬರುತ್ತದೆ. ಆ ತಾಯಿ, ಮಗಳು ಮತ್ತೆ ಬಂದಿದ್ದರು. ಮಗಳು ಈ ಸಲ ಒಳಗೆ ಬಂದು, ಹಾಡಿದ ಹುಡುಗನ ಕೈ ಕುಲುಕಿ ಹೋದಳು.

ಮೀಮ್ ಬೇಗ ಹಳಸುತ್ತದೆ. ನಾಟಕ ಹಳಸುವುದಿಲ್ಲವಾ?

ಕೆಲವು ಹಾಡು ಹಳಸಿದವು, ಬಿಟ್ಟೆವು. ಒಂದು ವಾರ ಓಡಿದ ರೀಲ್ಸ್ ನಂಬಿ ಬರೆದದ್ದು ಮೂರು ತಿಂಗಳಿಗೆ ಸತ್ತಿತು. ಕಾಯುವುದು, ತಪ್ಪು ಗ್ರೂಪಿಗೆ ಕಳಿಸುವುದು, ನಗದೆ ನಗುವ ಚಿತ್ರ ಕಳಿಸುವುದು, ಇಂಥವು ಉಳಿದಿವೆ.

ಆಯೇರಿ (ಮೆಚ್ಚಿ ಕೊಡುವ ಕಾಣಿಕೆ) ಕೊಡಬಹುದಾ?

ಕೊಡಬಹುದು, ಪ್ರೀತಿಯಿಂದ ತೆಗೆದುಕೊಳ್ಳುತ್ತೇವೆ. ಮೈಕಿನಲ್ಲಿ ಹೆಸರು ಹೇಳುವುದು ಮಾತ್ರ ನಾಟಕ ಮುಗಿದ ಮೇಲೆ. ಮೊತ್ತ ಹೇಳುವುದಿಲ್ಲ. ಹತ್ತು ರೂಪಾಯಿ ಕೊಟ್ಟ ಮಕ್ಕಳ ಹೆಸರೂ ಅದೇ ದನಿಯಲ್ಲಿ ಬರುತ್ತದೆ.

ನಮ್ಮ ಊರಿಗೂ ಬರುತ್ತೀರಾ?

ಬರುತ್ತೇವೆ. ಗುಡಿಯ ಕಟ್ಟೆಯಾದರೂ ಸರಿ, ಶಾಲೆಯ ಅಂಗಳವಾದರೂ ಸರಿ. ಎರಡು ಮೈಕು, ಒಂದು ಗಟ್ಟಿ ಹಲಗೆ ಮಂಚ, ನಮ್ಮ ಹನ್ನೊಂದು ಜನಕ್ಕೆ ರೊಟ್ಟಿ ಊಟ ಸಾಕು. ಹಬ್ಬ, ಜಾತ್ರೆ ದಿನ ಬಿಟ್ಟು ಬೇರೆ ದಿನ ಇಟ್ಟರೆ ಹೆಂಗಸರಿಗೂ ಬರಲು ಆಗುತ್ತದೆ. ಕುರ್ಚಿ ಕಡಿಮೆ ಬಿದ್ದರೆ ಚಿಂತೆ ಇಲ್ಲ, ಮುಂದೆ ಮಕ್ಕಳಿಗೆ ಜಮಖಾನೆ ಹಾಸಿ. ಜನರನ್ನು ದೂರ ದೂರ ಮಾತ್ರ ಕೂರಿಸಬೇಡಿ. ಭುಜಕ್ಕೆ ಭುಜ ತಾಗುವ ಹಾಗೆ ಕೂರಿಸಿ.